ಏದುಸಿರೊಂದೇ ತಾಲೀಮಲ್ಲ

ಪೊಲೀಸ್ ನೇಮಕಾತಿಯದೋ ಅಗ್ನಿವೀರದ್ದೋ ನೋಟಿಫಿಕೇಶನ್ ಬಂತು ಅಂದ್ರೆ ರಾಣೆಬೆನ್ನೂರು ಸೀಮೆಯಲ್ಲಿ ಬೆಳಗಿನ ಚಿತ್ರಣವೇ ಬದಲಾಗುತ್ತದೆ. ಮೈದಾನದಲ್ಲಿ, ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಹಳ್ಳಿಗಳ ಕೆರೆ ಏರಿಯ ಮೇಲೆ ಐದೂವರೆಗೆಲ್ಲ ಹುಡುಗರ ಓಟ ಶುರು. ಒಬ್ಬನ ಕೈಯಲ್ಲಿ ಮೊಬೈಲ್ ಸ್ಟಾಪ್‌ವಾಚು, ಉಳಿದವರು ಮೊದಲ ದಿನವೇ ಪೂರ್ತಿ ಜೋರಿನಲ್ಲಿ. ಮೂರು-ನಾಲ್ಕು ವಾರ ಕಳೆದ ಮೇಲೆ ಅದೇ ಜಾಗಕ್ಕೆ ಹೋಗಿ ನೋಡಿ, ಸಾಲು ತೆಳ್ಳಗಾಗಿರುತ್ತದೆ. ಒಬ್ಬನಿಗೆ ಮೊಣಕಾಲ ಕೆಳಗಿನ ಎಲುಬು ನೋವು, ಇನ್ನೊಬ್ಬನಿಗೆ ಹಿಮ್ಮಡಿ ಊರೋಕಾಗಲ್ಲ, ಮತ್ತೊಬ್ಬ ‘ನನ್ನ ಟೈಮಿಂಗ್ ಇಳೀತಾನೇ ಇಲ್ಲ’ ಅಂತ ಬೇಜಾರಾಗಿ ಮಲಗಿರುತ್ತಾನೆ. ಕೊನೆಗೆ ಎಲ್ಲರೂ ಹೇಳೋ ಮಾತು ಒಂದೇ: ‘ನಮ್ಮ ಮೈಯಾಗ ಅದು ಇಲ್ಲ ಬಿಡಪ್ಪ.’

ಈ ಮಾತು ಸುಳ್ಳು ಅಂತ ಹೇಳೋದಕ್ಕೇ ಈ ಲೇಖನ. ಮೈಯಲ್ಲಿ ಅದು ಇರುತ್ತದೆ. ಅದನ್ನು ಹೊರಗೆ ತರೋ ಲೆಕ್ಕದಲ್ಲಿ ನಾವು ಎಡವುತ್ತಿದ್ದೇವೆ. ಎಷ್ಟು ಜೋರಾಗಿ ಮಾಡಬೇಕು, ಎಷ್ಟು ಹೊತ್ತು ಮಾಡಬೇಕು, ಎಷ್ಟು ವಾರ ಮಾಡಬೇಕು ಅನ್ನೋ ಮೂರು ಪ್ರಶ್ನೆಗಳಿಗೂ ನಾವು ಒಂದೇ ಉತ್ತರ ಬರೆಯುತ್ತೇವೆ: ‘ಉಸಿರು ಹೋಗೋ ತನಕ.’ ಸೆಮಿಸ್ಟರ್ ಪೂರ್ತಿ ಪುಸ್ತಕ ಮುಟ್ಟದೆ ಪರೀಕ್ಷೆಯ ಹಿಂದಿನ ರಾತ್ರಿ ಐದು ಮಾಡ್ಯೂಲ್ ಓದಿ ಪಾಸಾದ ವಿದ್ಯೆಯನ್ನೇ ಕಾಲಿಗೂ ಎಲುಬಿಗೂ ಹಚ್ಚಲು ಹೊರಟಿದ್ದೇವೆ. ತಲೆ ಹೇಗೋ ಒಂದು ರಾತ್ರಿಗೆ ಒಪ್ಪಿಕೊಳ್ಳಬಹುದು, ಎಲುಬು ಒಪ್ಪಲ್ಲ.

‘ನಾವು ಇಂಜಿನಿಯರಿಂಗ್ ಓದೋರು, ಇದು ನಮಗ್ಯಾಕೆ’ ಅನ್ನಬೇಡಿ. ಪಿಎಸ್‌ಐಗೆ ಅರ್ಜಿ ಹಾಕಿದವರು ನಮ್ಮ ಫೈನಲ್ ಇಯರ್‌ನಲ್ಲೇ ಇದ್ದಾರೆ. ಊರಲ್ಲಿ ತಮ್ಮ, ಚಿಕ್ಕಪ್ಪನ ಮಗ, ಡಿಪ್ಲೊಮಾದ ಗೆಳೆಯ ಇದೇ ಓಟದಲ್ಲಿದ್ದಾರೆ. ಇನ್ನು ಅಂತರ ಕಾಲೇಜು ಕ್ರೀಡಾಕೂಟ ಹತ್ತಿರ ಬಂದಾಗ ಹದಿನೈದು ದಿನ ಮೈದಾನಕ್ಕಿಳಿದು ಕಬಡ್ಡಿ, ಅಥ್ಲೆಟಿಕ್ಸ್ ತಂಡ ಕಟ್ಟುವವರೂ ನಾವೇ.

ಮೊದಲು ಅಂಕಿ ನೋಡೋಣ

ಕರ್ನಾಟಕ ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಅಂದ್ರೆ 400 ಮೀಟರಿನ ಪ್ರತಿ ಸುತ್ತಿಗೆ ಸುಮಾರು 97 ಸೆಕೆಂಡು, ಗಂಟೆಗೆ ಹೆಚ್ಚುಕಡಿಮೆ 14.8 ಕಿ.ಮೀ. ವೇಗ. ಮಹಿಳೆಯರಿಗೆ 400 ಮೀಟರ್, 2 ನಿಮಿಷ, ಅಂದ್ರೆ ಗಂಟೆಗೆ 12 ಕಿ.ಮೀ. ಸೇನೆಯ ಅಗ್ನಿವೀರ ರ‍್ಯಾಲಿಯಲ್ಲಿ 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಅಲ್ಲಿಗೆ ಸುತ್ತಿಗೆ 82.5 ಸೆಕೆಂಡು, ಗಂಟೆಗೆ 17.5 ಕಿ.ಮೀ.

ಈಗ ಒಂದು ಸಣ್ಣ ಲೆಕ್ಕ. ಓಡುವಾಗ ಮೈ ಖರ್ಚು ಮಾಡೋ ಶಕ್ತಿ ಪ್ರತಿ ಕಿಲೋ ತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಸುಮಾರು 1 ಕಿಲೋಕ್ಯಾಲೊರಿ. 60 ಕೆಜಿ ತೂಕದ ಹುಡುಗ 1.6 ಕಿ.ಮೀ. ಓಡಿದರೆ ಸುಮಾರು 96 ಕಿಲೋಕ್ಯಾಲೊರಿ. ಆರೂವರೆ ನಿಮಿಷದಲ್ಲಿ ಓಡಲಿ, ಹತ್ತು ನಿಮಿಷದಲ್ಲಿ ಓಡಲಿ, ಈ ಮೊತ್ತ ಹೆಚ್ಚು ಬದಲಾಗಲ್ಲ. ಬದಲಾಗೋದು ಪವರ್, ಅಂದ್ರೆ ಅಷ್ಟೇ ಶಕ್ತಿಯನ್ನು ಎಷ್ಟು ಬೇಗ ಒದಗಿಸಬೇಕು ಅನ್ನೋದು. ಆರೂವರೆ ನಿಮಿಷದ ಓಟದಲ್ಲಿ ಆ ಶಕ್ತಿಯ ಐದರಲ್ಲಿ ನಾಲ್ಕು ಪಾಲಿನಷ್ಟು ಬರೋದು ಆಮ್ಲಜನಕ ಬಳಸಿ ನಡೆಯೋ ದಹನದಿಂದಲೇ. ಹಾಗಾಗಿ 1600 ಮೀಟರ್ ಅನ್ನೋದು ಸ್ಪ್ರಿಂಟ್ ಅಲ್ಲ. ಹೃದಯ, ರಕ್ತ, ಸ್ನಾಯುವಿನ ಒಳಗಿನ ಮೈಟೊಕಾಂಡ್ರಿಯಾ ಸೇರಿ ಮಾಡೋ ಕೆಲಸ ಅದು. ಈ ವ್ಯವಸ್ಥೆಯನ್ನು ದಿನಾ ಒಂದೇ ಸಲ ಪೂರ್ತಿ ಜೋರಿನಲ್ಲಿ ಓಡಿ, ಬಗ್ಗಿ ನಿಂತು ಏದುಸಿರು ಬಿಟ್ಟು, ಮನೆಗೆ ಹೋಗಿ ಬೆಳೆಸಬಹುದಾ? ಸ್ವಲ್ಪ ಬೆಳೆಸಬಹುದು, ಬೇಕಾದಷ್ಟು ಬೆಳೆಯಲ್ಲ.

ಎರಡು ಗುಂಡಿ, ಮೂರು ಬಗೆಯ ಎಳೆ

ನಮ್ಮ ಸ್ನಾಯುವಿನ ಎಳೆಗಳೆಲ್ಲ ಒಂದೇ ಜಾತಿಯವಲ್ಲ. ನಿಧಾನವಾಗಿ ಸೆಳೆದು, ಬೇಗ ದಣಿಯದ ಎಳೆಗಳಿವೆ. ಅವನ್ನು ನೇಗಿಲೆತ್ತಿನ ಎಳೆಗಳು ಅನ್ನೋಣ. ಝಟ್ಟನೆ ಸೆಳೆದು ಬೇಗ ಸೋಲುವ ಎಳೆಗಳಿವೆ. ನಮ್ಮೂರ ಅಭಯಾರಣ್ಯದ ಕೃಷ್ಣಮೃಗದ ಜಿಗಿತ ನೆನಪಿಸಿಕೊಂಡು ಅವಕ್ಕೆ ಜಿಂಕೆ ಎಳೆಗಳು ಅಂತ ಹೆಸರಿಡೋಣ. ಇವೆರಡರ ನಡುವೆ ವೇಗವೂ ಇರುವ, ತಕ್ಕಮಟ್ಟಿಗೆ ತಾಳಿಕೆಯೂ ಇರುವ ಮಧ್ಯಮ ಎಳೆಗಳಿವೆ. ಮಿದುಳು ಇವನ್ನೆಲ್ಲ ಒಟ್ಟಿಗೆ ಕೆಲಸಕ್ಕೆ ಕರೆಯಲ್ಲ. ಹಗುರ ಕೆಲಸಕ್ಕೆ ಎತ್ತಿನ ಎಳೆ, ಭಾರ ಹೆಚ್ಚಿದಂತೆ ಮಧ್ಯಮದವು, ಕಟ್ಟಕಡೆಗೆ ಜಿಂಕೆ ಎಳೆ. ಕರೆಯದ ಎಳೆಗೆ ತಾಲೀಮಿಲ್ಲ. ತಾಲೀಮಿಲ್ಲದ ಎಳೆ ಬದಲಾಗಲ್ಲ.

ಇದನ್ನು ಅಚ್ಚುಕಟ್ಟಾಗಿ ಅಳೆದು ತೋರಿಸಿದ್ದು 1982ರಲ್ಲಿ ಅಮೆರಿಕದ ಡಡ್ಲಿ, ಅಬ್ರಹಾಂ ಮತ್ತು ಟೆರ್ಜಂಗ್ ಅವರ ಪ್ರಯೋಗ. ಇಲಿಗಳನ್ನು ಗುಂಪು ಮಾಡಿ ಟ್ರೆಡ್‌ಮಿಲ್ ಮೇಲೆ ವಾರಕ್ಕೆ ಐದು ದಿನದಂತೆ ಎಂಟು ವಾರ ಓಡಿಸಿದರು. ಒಂದು ಗುಂಪಿಗೆ ನಿಮಿಷಕ್ಕೆ 10 ಮೀಟರ್ ವೇಗವಾದರೆ ಇನ್ನೊಂದಕ್ಕೆ 60 ಮೀಟರ್, ನಡುವೆ ಬೇರೆ ಬೇರೆ ವೇಗಗಳು. ಓಡಿಸಿದ ಹೊತ್ತೂ ಗುಂಪಿನಿಂದ ಗುಂಪಿಗೆ ಬೇರೆ. ಕೊನೆಗೆ ಸ್ನಾಯುವಿನ ಬಗೆಬಗೆಯ ಭಾಗಗಳಲ್ಲಿ ಸೈಟೊಕ್ರೋಮ್ ಸಿ ಎಂಬ ಪ್ರೋಟೀನನ್ನು ಅಳೆದರು. ಅದು ಹೆಚ್ಚಾಗಿದ್ದರೆ ಮೈಟೊಕಾಂಡ್ರಿಯಾ ಹೆಚ್ಚಾಗಿದೆ ಅಂತ ಅರ್ಥ.

ಸಿಕ್ಕ ಉತ್ತರ ಒಂದೇ ಸಾಲಿನದ್ದಲ್ಲ. ಎತ್ತಿನ ಎಳೆಗಳು ಕಡಿಮೆ ವೇಗಕ್ಕೇ ಚೆನ್ನಾಗಿ ಬೆಳೆದವು, ವೇಗ ತೀರಾ ಹೆಚ್ಚಾದಾಗ ಅವುಗಳ ಲಾಭ ಕಡಿಮೆಯಾಯಿತು. ಮಧ್ಯಮ ಎಳೆಗಳು ವೇಗದ ಜೊತೆ ಒಂದು ಮಟ್ಟದ ತನಕ ಬೆಳೆದು ಅಲ್ಲೇ ನಿಂತವು. ಜಿಂಕೆ ಎಳೆಗಳು ಮಾತ್ರ ಕಡಿಮೆ ವೇಗಕ್ಕೆ ಜಪ್ಪಯ್ಯ ಅನ್ನಲಿಲ್ಲ, ಜೋರಿನ ಓಟಕ್ಕೆ ಮಾತ್ರ ಎದ್ದು ಕೂತವು. ಹೊತ್ತಿನ ವಿಷಯಕ್ಕೂ ಹೀಗೇ. ಹೆಚ್ಚು ಹೊತ್ತು ಓಡಿದಷ್ಟೂ ಲಾಭ ಹೆಚ್ಚುತ್ತಾ ಹೋಗಿ, ಒಂದು ಹಂತ ದಾಟಿದ ಮೇಲೆ ಗ್ರಾಫ್ ಮಟ್ಟಸವಾಯಿತು. ವೇಗ ಹೆಚ್ಚಿದ್ದಾಗ ಆ ಹಂತಕ್ಕೆ ಬೇಗ ಮುಟ್ಟಿತು.

ಅಂದ್ರೆ ಜೋರು ಮತ್ತು ಹೊತ್ತು ಎರಡು ಬೇರೆ ಬೇರೆ ಗುಂಡಿಗಳು. ಒಂದನ್ನು ತಿರುಗಿಸಿದರೆ ಇನ್ನೊಂದರ ಕೆಲಸ ಪೂರ್ತಿ ಆಗಲ್ಲ. ದಿನಾ ಜೋರಾಗಿಯೇ ಓಡುವವನು ತನ್ನ ಎತ್ತುಗಳಿಗೆ ಸಾಕಷ್ಟು ಉಳುಮೆ ಕೊಡುತ್ತಿಲ್ಲ. ದಿನಾ ನಿಧಾನವಾಗಿಯೇ ಓಡುವವನು ಜಿಂಕೆಗಳನ್ನು ಮಲಗಿಸಿಟ್ಟಿದ್ದಾನೆ. ಎರಡೂ ಬೇಕು. ಆದರೆ ಸಮಸಮ ಅಲ್ಲ.

ಇದಕ್ಕೂ ಹದಿನೈದು ವರ್ಷ ಮೊದಲು, 1967ರಲ್ಲಿ ಜಾನ್ ಹಾಲೋಸಿ ಇಲಿಗಳಿಗೆ 12 ವಾರ ತಾಲೀಮು ಕೊಟ್ಟು ನೋಡಿದ್ದರು. ದಿನಕ್ಕೆ ಎರಡು ಗಂಟೆಯ ತನಕ ಓಡಿಸಿದ ಮೇಲೆ ಸ್ನಾಯುವಿನ ಸೈಟೊಕ್ರೋಮ್ ಸಿ ಎರಡು ಪಟ್ಟಾಗಿತ್ತು. ಹೃದಯ ಮಾತ್ರವಲ್ಲ, ಕಾಲಿನ ಸ್ನಾಯುವೂ ಒಳಗಿನಿಂದ ಹೊಸದಾಗುತ್ತದೆ ಅನ್ನೋದಕ್ಕೆ ಅದು ದೊಡ್ಡ ಪುರಾವೆ. ನಾವಿಲ್ಲಿ ಗಮನಿಸಬೇಕಾದದ್ದು ‘12 ವಾರ’ ಅನ್ನೋ ಪದವನ್ನು.

‘ಹಂಗಾದ್ರ ಎಚ್‌ಐಐಟಿ ಸುಳ್ಳಾ?’

ಈ ಪ್ರಶ್ನೆ ಬಂದೇ ಬರುತ್ತದೆ. ರೀಲ್ಸ್ ನೋಡಿದವರೆಲ್ಲ ‘ನಾಲ್ಕು ನಿಮಿಷ ಸಾಕು’ ಅನ್ನುತ್ತಾರೆ. ಅದು ಪೂರ್ತಿ ಸುಳ್ಳಲ್ಲ, ಅದನ್ನೂ ನ್ಯಾಯವಾಗಿ ಹೇಳಬೇಕು. ಜಪಾನಿನ ಇಜುಮಿ ತಬಾಟಾ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸೆಕೆಂಡ್ ಭಾರೀ ಜೋರು, 10 ಸೆಕೆಂಡ್ ವಿಶ್ರಾಂತಿ ಅನ್ನೋ ಲೆಕ್ಕದಲ್ಲಿ ಆರು ವಾರ ಸೈಕಲ್ ತುಳಿದವರ ಆಮ್ಲಜನಕ ಸಾಮರ್ಥ್ಯವೂ ಏರಿತು, ಆಮ್ಲಜನಕವಿಲ್ಲದೆ ದುಡಿಯುವ ಶಕ್ತಿಯೂ 28% ಹೆಚ್ಚಿತು. ಕೆನಡಾದ ಮಾರ್ಟಿನ್ ಗಿಬಾಲ ತಂಡ 2006ರಲ್ಲಿ ಇನ್ನೊಂದು ತೋರಿಸಿತು. ಎರಡು ವಾರದಲ್ಲಿ ಒಟ್ಟು ಎರಡೂವರೆ ಗಂಟೆಯ ಸ್ಪ್ರಿಂಟ್ ತಾಲೀಮು ಮಾಡಿದವರ ಸ್ನಾಯುವಿನ ಬದಲಾವಣೆ, ಹತ್ತೂವರೆ ಗಂಟೆ ನಿಧಾನ ಸೈಕಲ್ ತುಳಿದವರ ಬದಲಾವಣೆಗೆ ಹೆಚ್ಚುಕಡಿಮೆ ಸಮ ಇತ್ತು.

ಹಾಗಾದ್ರೆ ನಮ್ಮ ಹುಡುಗರು ದಿನಾ ಜೋರಾಗಿ ಓಡೋದೇ ಸರಿ ಅಲ್ವಾ? ಅಲ್ಲ. ಅವರೆಲ್ಲ ತುಳಿದದ್ದು ಲ್ಯಾಬಿನೊಳಗಿನ ಸೈಕಲ್. ಸೈಕಲ್ಲಿನಲ್ಲಿ ಪಾದ ನೆಲಕ್ಕೆ ಬಡಿಯಲ್ಲ. ಗಿಬಾಲ ಪ್ರಯೋಗದಲ್ಲಿ ಎರಡು ವಾರಕ್ಕೆ ಇದ್ದದ್ದು ಆರೇ ಸರದಿ, ಎರಡು ಸರದಿಗಳ ನಡುವೆ ಬಿಡುವು ಇತ್ತು. ನಾವು ಮಾಡೋದು ದಿನಾ, ಅದೂ ಟಾರು ರಸ್ತೆಯ ಮೇಲೆ, ಸೋಲು ಸವೆದ ಶೂನಲ್ಲಿ. ಇನ್ನೊಂದು ಮಾತು: ಓಟವನ್ನೇ ಬದುಕಾಗಿಸಿಕೊಂಡವರು ಏನು ಮಾಡುತ್ತಾರೆ ಅಂತ ಸ್ಟೀಫನ್ ಸೈಲರ್ ಎಂಬ ವಿಜ್ಞಾನಿ ಲೆಕ್ಕ ಹಾಕಿ ನೋಡಿದಾಗ, ಅವರ ಸರದಿಗಳಲ್ಲಿ ಸುಮಾರು 80% ಮಾತಾಡಿಕೊಂಡು ಮಾಡಬಹುದಾದ ನಿಧಾನದವೇ ಆಗಿದ್ದವು. ಜೋರಿನವು ಉಳಿದ 20%. ಜಗತ್ತಿನ ಗಟ್ಟಿ ಓಟಗಾರರು ಐದರಲ್ಲಿ ನಾಲ್ಕು ದಿನ ನಿಧಾನ ಓಡುತ್ತಾರೆ. ಓಟ ಶುರು ಮಾಡಿ ನಾಲ್ಕು ದಿನವಾದ ನಾವು ಐದಕ್ಕೆ ಐದೂ ದಿನ ಜೋರು!

ಮೋಸ ಇರೋದು ಎರಡನೇ ವಾರದಲ್ಲಿ

ನಮ್ಮ ಪ್ರಕಾರ ಇಡೀ ವಿಷಯದ ತಿರುಳು ಇಲ್ಲಿದೆ. ದೇಹದ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ತಾಲೀಮು ಶುರುವಾದ ಒಂದೆರಡು ವಾರದಲ್ಲೇ ರಕ್ತದ ದ್ರವಭಾಗ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಮೊದಲ ದಿನ ಕಷ್ಟವಾಗಿದ್ದ ಎರಡು ಸುತ್ತು ಈಗ ಸಲೀಸು. ಮೈಟೊಕಾಂಡ್ರಿಯಾ, ಸೂಕ್ಷ್ಮ ರಕ್ತನಾಳಗಳು ಬೆಳೆಯಲು ಕೆಲವು ವಾರಗಳೇ ಬೇಕು. ಎಲುಬು, ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳು.

ಎಲುಬಿನ ಕತೆಯಂತೂ ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಎಲುಬು ಮೊದಲು ತನ್ನ ಹಳೆಯ ಭಾಗವನ್ನು ಕೆಡವುತ್ತದೆ, ಆಮೇಲೆ ಹೊಸದು ಕಟ್ಟುತ್ತದೆ. ಹಳೆ ಮನೆ ರಿಪೇರಿ ಮಾಡಿಸಿದವರಿಗೆ ಇದು ಗೊತ್ತು. ಕೆಡವೋದು ಬೇಗ, ಕಟ್ಟೋದು ನಿಧಾನ. ಕೆಡವಾಟಕ್ಕೆ ವಾರಗಳು, ಕಟ್ಟಾಟಕ್ಕೆ ತಿಂಗಳುಗಳು. ಆದ್ದರಿಂದ ಓಟ ಶುರು ಮಾಡಿದ ಮೂರು-ನಾಲ್ಕನೇ ವಾರದಲ್ಲಿ ಕಾಲಿನ ಎಲುಬು ಮೊದಲಿಗಿಂತ ಸ್ವಲ್ಪ ದುರ್ಬಲವಾಗಿಯೇ ಇರಬಹುದು. ಅದೇ ಹೊತ್ತಿಗೆ ಹೃದಯ ‘ನಾನು ರೆಡಿ, ನಡಿ’ ಅನ್ನುತ್ತಿರುತ್ತದೆ. ಹುಡುಗ ಹೃದಯದ ಮಾತು ಕೇಳಿ ವೇಗವನ್ನೂ ದೂರವನ್ನೂ ಒಟ್ಟಿಗೆ ಏರಿಸುತ್ತಾನೆ. ಓಡುವಾಗ ಪ್ರತಿ ಹೆಜ್ಜೆಗೂ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಕಾಲಿಗೆ ಬೀಳುತ್ತದೆ. 60 ಕೆಜಿಯವನಿಗೆ 120ರಿಂದ 180 ಕೆಜಿ. 1600 ಮೀಟರಿಗೆ ಸಾವಿರಕ್ಕೂ ಮೇಲೆ ಹೆಜ್ಜೆ. ಸೇನೆಗೆ ಹೊಸದಾಗಿ ಸೇರಿದವರ ಕಾಲಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬರೋದು ಎಲ್ಲ ದೇಶಗಳ ಸೇನಾ ವೈದ್ಯರಿಗೂ ಗೊತ್ತಿರುವ ಸಮಸ್ಯೆ. ನಮ್ಮ ಮೈದಾನದ ಸಾಲು ತೆಳ್ಳಗಾಗೋದಕ್ಕೂ ಮೂರು-ನಾಲ್ಕನೇ ವಾರವೇ ಯಾಕೆ ಬೇಕು ಅಂತ ಈಗ ತಿಳಿಯಿತಲ್ಲ.

ಮೆಕ್ಯಾನಿಕಲ್‌ನವರಿಗೆ ಫಟೀಗ್ ಫೇಲ್ಯೂರ್ ಗೊತ್ತು. ಒಂದೇ ಭಾರ ಸಾವಿರಾರು ಸಲ ಬಿದ್ದರೆ ಲೋಹದಲ್ಲಿ ಬಿರುಕು ಹುಟ್ಟುತ್ತದೆ, ವಿಶ್ರಾಂತಿ ಕೊಟ್ಟರೂ ಲೋಹ ವಾಸಿಯಾಗಲ್ಲ. ಎಲುಬಿನ ಭಾಗ್ಯ ಅಂದ್ರೆ ಅದು ವಾಸಿಯಾಗುತ್ತದೆ, ಮೊದಲಿಗಿಂತ ಗಟ್ಟಿಯೂ ಆಗುತ್ತದೆ. ಆದರೆ ಬಿಡುವು ಕೊಟ್ಟರೆ ಮಾತ್ರ. ಸಿವಿಲ್‌ನವರಿಗೆ ಬೇರೆ ಉದಾಹರಣೆ. ಕಾಂಕ್ರೀಟನ್ನು 28 ದಿನದ ಬಲಕ್ಕೆ ಪರೀಕ್ಷೆ ಮಾಡುತ್ತೇವೆ. ದಿನಾ ನೀರುಣಿಸಿ ಕ್ಯೂರಿಂಗ್ ಮಾಡದೆ 27ನೇ ದಿನ ಟ್ಯಾಂಕರ್ ತರಿಸಿ ಸುರಿದರೆ ಕ್ಯೂಬ್ ಪಾಸಾಗುತ್ತಾ? ಸೈಟಿನಲ್ಲಿ ಹೀಗೆ ಮಾಡಿದವನಿಗೆ ಬೈಯೋ ನಾವೇ ಮೈಗೆ ಅದನ್ನೇ ಮಾಡುತ್ತಿದ್ದೇವೆ.

ಜಿಮ್ಮೂ ಬೇಕು, ಓಟವೂ ಬೇಕು

ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಓಟದ ಜೊತೆ ಗುಂಡು ಎಸೆತ, ಜಿಗಿತ ಇದೆ. ಅಗ್ನಿವೀರದಲ್ಲಿ ಪುಲ್‌ಅಪ್ ಇದೆ, 10 ಎಳೆದರೆ ಪೂರ್ತಿ 40 ಅಂಕ. ಹಾಗಾಗಿ ಓಟ ಒಂದೇ ಸಾಲದು. ಕೆಲವರು ಬೆಳಿಗ್ಗೆ ಓಟ, ಸಂಜೆ ಜಿಮ್, ವಾರಕ್ಕೆ ಆರು ದಿನ ಅಂತ ಹೊರಡುತ್ತಾರೆ. 1980ರಲ್ಲಿ ರಾಬರ್ಟ್ ಹಿಕ್ಸನ್ ಇಂಥದ್ದನ್ನೇ 10 ವಾರ ಮಾಡಿಸಿ ನೋಡಿದರು. ಬರೀ ಭಾರ ಎತ್ತಿದವರ ಬಲ ಕೊನೆಯ ತನಕ ಏರುತ್ತಲೇ ಇತ್ತು. ಭಾರವನ್ನೂ ಕಠಿಣ ಓಟ, ಸೈಕಲ್ಲನ್ನೂ ಒಟ್ಟಿಗೆ ಮಾಡಿದವರ ಬಲ ಏಳನೇ ವಾರದ ಹೊತ್ತಿಗೆ ನಿಂತು, ಕೊನೆಯ ಎರಡು ವಾರದಲ್ಲಿ ಇಳಿಯಿತು. ಇಲ್ಲಿ ಕಲಿಯಬೇಕಾದ್ದು ‘ಎರಡೂ ಮಾಡಬೇಡ’ ಅಂತಲ್ಲ. ಎರಡನ್ನೂ ಪೂರ್ತಿ ಜೋರಿನಲ್ಲಿ ಮಾಡಬೇಡ ಅಂತ. ಓಟದ ಕಠಿಣ ದಿನ ಬೇರೆ, ಭಾರದ ದಿನ ಬೇರೆ ಇಟ್ಟುಕೊಂಡರೆ ಮೈಗೆ ಯಾವ ಮಾತು ಕೇಳಬೇಕು ಅನ್ನೋ ಗೊಂದಲ ಕಡಿಮೆ.

ಭಾರ ಎತ್ತೋದನ್ನು ಶುರು ಮಾಡಿದವರು ಇನ್ನೊಂದು ತಿಳಿದಿರಬೇಕು. ಮೊದಲ ಕೆಲವು ವಾರ ಬಲ ಹೆಚ್ಚೋದು ಮುಖ್ಯವಾಗಿ ನರಗಳು ಸ್ನಾಯುವನ್ನು ಚೆನ್ನಾಗಿ ಕರೆಯೋದು ಕಲಿತದ್ದರಿಂದ. ತೋಳು ದಪ್ಪ ಆಗೋದು ಆಮೇಲೆ. ಕನ್ನಡಿಯಲ್ಲಿ ಕಾಣಲಿಲ್ಲ ಅಂತ ಮೂರನೇ ವಾರಕ್ಕೆ ಜಿಮ್ ಬಿಟ್ಟವರು, ಅಥವಾ ದುಬಾರಿ ಪೌಡರ್ ಡಬ್ಬಿ ಹುಡುಕಿದವರು ಸ್ವಲ್ಪ ತಡೆಯಬೇಕಿತ್ತು. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು ಇರೋ ಊಟ ನಮ್ಮ ಕಡೆ ಹೊಸದಾಗಿ ಕಂಡುಹಿಡಿಯಬೇಕಾದ್ದಲ್ಲ. ತತ್ತಿ ತಿನ್ನುವವರಿಗೆ ಇನ್ನೂ ಸಲೀಸು. ಅದರ ಜೊತೆ ನಿದ್ದೆ. ರಾತ್ರಿ ಎರಡರ ತನಕ ಗೇಮ್ ಆಡಿ ಐದಕ್ಕೆ ಎದ್ದು ಓಡೋದು ಛಲ ಅಲ್ಲ, ಸಾಲ.

ನಮ್ಮ ಸೀಮೆಗೆ ಗೊತ್ತಿದ್ದ ವಿದ್ಯೆ

ಇದೆಲ್ಲ ವಿದೇಶಿ ಲ್ಯಾಬಿನವರು ಹೇಳಿದ ಮೇಲೆ ನಮಗೆ ತಿಳಿದದ್ದೇನಲ್ಲ. ಹಾವೇರಿ ಜಿಲ್ಲೆಯ ಹೋರಿ ಹಬ್ಬ ನೋಡಿದವರಿಗೆ ಗೊತ್ತು. ಅಖಾಡದಲ್ಲಿ ಹೋರಿ ಓಡೋದು ಕೆಲವೇ ಕ್ಷಣ. ಆದರೆ ಅದನ್ನು ಸಾಕಿದವರು ಹಬ್ಬದ ಹಿಂದಿನ ವಾರ ಹಗ್ಗ ಬಿಚ್ಚಿ ಓಡಿಸೋಕೆ ಶುರು ಮಾಡಲ್ಲ. ತಿಂಗಳುಗಟ್ಟಲೆ ಹುರುಳಿ, ಹಿಂಡಿ, ನಡಿಗೆ, ಕೆರೆಯಲ್ಲಿ ಈಜು. ಗರಡಿಮನೆಯ ಪದ್ಧತಿಯೂ ಅದೇ. ಹೊಸ ಹುಡುಗನನ್ನು ಮೊದಲ ದಿನವೇ ಹಳೆ ಪೈಲ್ವಾನನ ಮೇಲೆ ಬಿಡಲ್ಲ. ಮೊದಲು ಕೆಮ್ಮಣ್ಣು ಹದ ಮಾಡು, ಸಾಮು ಹೊಡಿ, ಬಸ್ಕಿ ಹೊಡಿ. ಎಣಿಕೆ ನಿಧಾನವಾಗಿ ಏರುತ್ತದೆ. ಹೋರಿಗೆ ಇಷ್ಟು ತಾಳ್ಮೆ ತೋರಿಸೋ ಊರು ತನ್ನ ಹುಡುಗರಿಗೆ ತೋರಿಸಬಾರದಾ?

ಇನ್ನೊಂದು ಹೆಸರು ಇಲ್ಲೇ ಹೈವೇ ಮೇಲಿದೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. 1930ರಲ್ಲಿ ಗಾಂಧೀಜಿ ಜೊತೆ ದಂಡಿಯಾತ್ರೆಗೆ ಹೊರಟ ತಂಡದಲ್ಲಿ ಕರ್ನಾಟಕದಿಂದ ಇದ್ದ ಒಬ್ಬನೇ ಸತ್ಯಾಗ್ರಹಿ, ನಮ್ಮ ಫಸ್ಟ್ ಇಯರ್ ಹುಡುಗರ ವಯಸ್ಸಿನವರು. ಮಾರ್ಚ್ 12ಕ್ಕೆ ಸಾಬರಮತಿಯಿಂದ ಹೊರಟು ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು. 24 ದಿನ, ಸುಮಾರು 385 ಕಿ.ಮೀ. ಭಾಗಿಸಿ ನೋಡಿ, ದಿನಕ್ಕೆ ಸರಾಸರಿ 16 ಕಿ.ಮೀ. ಸೋಮವಾರ ನಡಿಗೆ ಇಲ್ಲ, ಅದು ಗಾಂಧೀಜಿಯ ಮೌನದ ದಿನ. ಅದು ವ್ಯಾಯಾಮಕ್ಕಾಗಿ ನಡೆದ ನಡಿಗೆಯಲ್ಲ, ಮಹಾದೇವಪ್ಪ ಮುಂದೆ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ವೀರ. ಆದರೂ ಆ ನಡಿಗೆಯ ಲೆಕ್ಕ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಅರವತ್ತು ದಾಟಿದ ಮುದುಕನೂ ಹತ್ತೊಂಬತ್ತು ತುಂಬದ ಹುಡುಗನೂ ಒಟ್ಟಿಗೆ ನಡೆದು ಗುರಿ ಮುಟ್ಟಿದ್ದು ದಿನದ ಪಾಲು ತಪ್ಪದೇ ಇದ್ದದ್ದರಿಂದ ಮತ್ತು ವಾರಕ್ಕೊಂದು ಬಿಡುವು ಇದ್ದದ್ದರಿಂದ.

ಬ್ಯಾಡಗಿ ಹೆಸರು ಬಂದ ಮೇಲೆ ಮೆಣಸಿನಕಾಯಿ ಬಿಡೋಕಾಗಲ್ಲ. ಖಾರ ಹೆಚ್ಚಿದ್ದರೇ ಮೆಣಸಿನಕಾಯಿ ಚಲೋ ಅನ್ನೋದಾಗಿದ್ದರೆ ಬ್ಯಾಡಗಿ ಮಾರುಕಟ್ಟೆ ಎಂದೋ ಬಾಗಿಲು ಹಾಕಬೇಕಿತ್ತು. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ದೇಶ ತುಂಬ ಬೇಡಿಕೆ ಇದೆ. ಅದರ ಬೆಲೆ ಇರೋದು ಬಣ್ಣಕ್ಕೆ, ಖಾರಕ್ಕಲ್ಲ. ತಾಲೀಮಿಗೂ ಅಷ್ಟೇ. ಅವತ್ತು ಎಷ್ಟು ಉರಿಯಿತು ಅನ್ನೋದು ಅಳತೆಯಲ್ಲ. ಹನ್ನೆರಡು ವಾರದ ಮೇಲೆ ಎಷ್ಟು ಬಣ್ಣ ಹಿಡಿಯಿತು ಅನ್ನೋದು ಅಳತೆ.

ಹುಡುಗಿಯರ ಪಾಲಿನ ಮೈದಾನ

ಈ ಚರ್ಚೆಯಲ್ಲಿ ಒಂದು ಮಾತು ಯಾವಾಗಲೂ ಬಿಟ್ಟುಹೋಗುತ್ತದೆ. ನಿಧಾನವಾಗಿ, ಹೆಚ್ಚು ಹೊತ್ತು, ವಾರಕ್ಕೆ ನಾಲ್ಕೈದು ದಿನ ಓಡಿ ಅಂತ ಹೇಳೋದು ಸುಲಭ. ಬೆಳಗಿನ ಕತ್ತಲಲ್ಲಿ ಹೈವೇ ಪಕ್ಕ ಓಡೋಕೆ ಯಾವ ಹುಡುಗಿಗೆ ಮನೆಯವರು ಹ್ಞೂಂ ಅಂತಾರೆ? ಹಾಸ್ಟೆಲ್ ಗೇಟು ತೆರೆಯೋ ಹೊತ್ತಿಗೆ ಬಿಸಿಲು ಏರಿರುತ್ತದೆ, ಸಂಜೆ ಮೈದಾನ ಕ್ರಿಕೆಟ್ಟಿನವರದ್ದು. ಎರಡು ನಿಮಿಷದಲ್ಲಿ 400 ಮೀಟರ್ ಅನ್ನೋ ಅರ್ಹತೆ ನಮ್ಮ ಬಹುತೇಕ ಹುಡುಗಿಯರಿಗೆ ಎರಡು-ಮೂರು ತಿಂಗಳ ಸಮಾಧಾನದ ತಾಲೀಮಿಗೆ ಎಟುಕುವಂಥದ್ದು. ಎಟುಕದೇ ಹೋದರೆ ಅದಕ್ಕೆ ಕಾರಣ ಕಾಲಲ್ಲ, ಜಾಗ ಮತ್ತು ಹೊತ್ತು. ಮೇಲೆ ಹೇಳಿದ ವಿಜ್ಞಾನ ಎಲ್ಲರಿಗೂ ಒಂದೇ, ಆದರೆ ‘ಹೊತ್ತು’ ಅನ್ನೋ ಗುಂಡಿ ಎಲ್ಲರ ಕೈಗೂ ಸಮನಾಗಿ ಸಿಕ್ಕಿಲ್ಲ.

ನೌಕರಿ ಬೇಡ, ಕ್ರೀಡೆಯೂ ಬೇಡ ಅನ್ನುವವರಿಗೆ

ನಿಮಗೂ ಒಂದು ಕತೆ ಇದೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ವಯಸ್ಸಿನ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ಆಮ್ಲಜನಕ ಬಳಸೋ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕೂ ಹೆಚ್ಚು ಕುಸಿಯಿತು. ಆಮೇಲೆ ಎಂಟು ವಾರದ ತಾಲೀಮು ಕೊಟ್ಟಾಗ ಮೇಲೆದ್ದರು. ಮೂವತ್ತು ವರ್ಷದ ನಂತರ ಅದೇ ಐದು ಜನರನ್ನು ಮತ್ತೆ ಅಳೆದಾಗ ತಿಳಿದದ್ದು: ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಿತ್ತು. ಸ್ಟಡಿ ಹಾಲಿಡೇಸ್‌ನಲ್ಲಿ ಮಂಚ, ಮೆಸ್ಸು, ಮೊಬೈಲ್ ಬಿಟ್ಟು ಎಲ್ಲೂ ಹೋಗದ ನಮಗೆ ಇದು ದೂರದ ಮಾತೇನಲ್ಲ. ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ಸಾಕು, ಕನಿಷ್ಠ ಇದ್ದದ್ದು ಉಳಿಯುತ್ತದೆ.

ನಾವು ಕೇಳೋದಿಷ್ಟು

ಬರೀ ಉಪದೇಶ ಮಾಡಿ ಮುಗಿಸೋದು ಬೇಡ. ಗೆಳೆಯರಲ್ಲಿ ನಮ್ಮ ಮೊದಲ ಕೋರಿಕೆ ಇದು: ನೋಟಿಫಿಕೇಶನ್ ಕಾಯಬೇಡಿ, ಇವತ್ತಿನಿಂದ 12 ವಾರ ಎಣಿಸಿ.

ಮೊದಲ ನಾಲ್ಕು ವಾರ, ವಾರಕ್ಕೆ ನಾಲ್ಕು ದಿನ, 25–30 ನಿಮಿಷ. ನಡಿಗೆ-ಓಟ ಸೇರಿಸಿ, ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತಾಡೋಕಾಗೋ ವೇಗದಲ್ಲಿ ಮಾತ್ರ. ಮಾತು ತುಂಡಾಯಿತು ಅಂದ್ರೆ ಜೋರಾಯಿತು ಅಂತ ಅರ್ಥ, ಇಳಿಸಿ. ಮುಂದಿನ ನಾಲ್ಕು ವಾರ ಐದು ದಿನ, 40 ನಿಮಿಷದ ತನಕ. ಅದರಲ್ಲಿ ಒಂದೇ ದಿನ ಜೋರು: ಗುರಿ ವೇಗದಲ್ಲಿ 200 ಮೀಟರ್ ಆರು ಸಲ, ನಡುವೆ ಉಸಿರು ಹಿಡಿಯೋ ತನಕ ನಡಿಗೆ. ಕೊನೆಯ ನಾಲ್ಕು ವಾರ ಜೋರಿನ ದಿನ 400 ಮೀಟರ್ ನಾಲ್ಕೈದು ಸಲ, 97 ಸೆಕೆಂಡಿನ ಲೆಕ್ಕದಲ್ಲಿ. ಮೈ ಒಪ್ಪಿದರೆ ಮಾತ್ರ ಇನ್ನೊಂದು ಜೋರಿನ ದಿನ. ಪರೀಕ್ಷೆಯ ವಾರ ಅರ್ಧಕ್ಕಿಳಿಸಿ. ವಾರಕ್ಕೆರಡು ದಿನ ಬಸ್ಕಿ, ಸಾಮು, ಪುಲ್‌ಅಪ್. ಮಣ್ಣಿನ ನೆಲ ಸಿಕ್ಕರೆ ಟಾರು ಬಿಡಿ. ಬೇಸಿಗೆಯಲ್ಲಿ ಸೂರ್ಯ ಏರೋ ಮೊದಲೇ ಮುಗಿಸಿ. ಎಲುಬಿನ ಒಂದೇ ಜಾಗದಲ್ಲಿ ಒತ್ತಿದರೆ ನೋವು, ಎದೆ ನೋವು, ಜ್ವರ ಇದ್ದರೆ ಓಟ ಬಂದ್, ಡಾಕ್ಟರ ಹತ್ತಿರ ನಡೀರಿ. ಅಲ್ಲಿ ಛಲ ತೋರಿಸಬೇಡಿ.

ಎರಡನೆಯದು ಕ್ಯಾಂಪಸ್ಸಿಗೆ. ಮೈದಾನದ ಗೇಟು ಬೆಳಿಗ್ಗೆ ಆರಕ್ಕೆ ತೆರೆಯಲಿ, ಒಂದೆರಡು ದೀಪ ಹಾಕಲಿ. ವಾರದಲ್ಲಿ ಮೂರು ಸಂಜೆಯಾದರೂ ಒಂದು ಗಂಟೆ ಓಟಕ್ಕೆ, ಅದರಲ್ಲೂ ಹುಡುಗಿಯರಿಗೆ ಮೀಸಲಿರಲಿ. 400 ಮೀಟರಿನ ಸುತ್ತನ್ನು ಅಳೆದು ಸುಣ್ಣದಲ್ಲಿ ಗುರುತು ಹಾಕೋಕೆ ಸರ್ವೇ ಲ್ಯಾಬಿನ ಸಲಕರಣೆಯೇ ಸಾಕು, ಸಿವಿಲ್ ಹುಡುಗರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುತ್ತಾರೆ. ಕ್ರೀಡಾಕೂಟದ ತಂಡವನ್ನು ಹದಿನೈದು ದಿನ ಮೊದಲು ಆರಿಸುವ ಬದಲು ಸೆಮಿಸ್ಟರ್ ಆರಂಭದಲ್ಲೇ ಆರಿಸಲಿ. ಇದಕ್ಕೆ ದೊಡ್ಡ ಬಜೆಟ್ ಬೇಡ, ಹೊಸ ಕಟ್ಟಡವೂ ಬೇಡ.

ಮೂರನೆಯದು ಅಣ್ಣಂದಿರಿಗೆ, ಸೀನಿಯರ್‌ಗಳಿಗೆ. ಹೊಸ ಹುಡುಗ ನಿಧಾನ ಓಡುವುದನ್ನು ನೋಡಿ ‘ಏನೋ, ಅಜ್ಜ ಹೋದಂಗ ಹೊಂಟೀಯಲ್ಲ’ ಅಂತ ನಗಬೇಡಿ. ಆ ಒಂದು ನಗೆಗೆ ಅವನು ವೇಗ ಏರಿಸುತ್ತಾನೆ, ನಾಲ್ಕನೇ ವಾರಕ್ಕೆ ಕಾಲು ಹಿಡಿದು ಕೂರುತ್ತಾನೆ. ಬದಲಿಗೆ ಅವನ ಪಕ್ಕ ಅದೇ ವೇಗದಲ್ಲಿ ಮಾತಾಡಿಕೊಂಡು ಎರಡು ಸುತ್ತು ಹಾಕಿ.

ಬಡ ಮನೆಯ ಒಬ್ಬ ಹುಡುಗನಿಗೋ ಹುಡುಗಿಗೋ ಆ ಆರೂವರೆ ನಿಮಿಷ, ಆ ಎರಡು ನಿಮಿಷ ಅಂದ್ರೆ ಬರೀ ಟೈಮಿಂಗ್ ಅಲ್ಲ, ಮನೆಗೆ ತಿಂಗಳ ಸಂಬಳ. ಅದು ತಪ್ಪಿದಾಗ ‘ನಮ್ಮ ಮೈಯಾಗ ಇಲ್ಲ’ ಅಂದುಕೊಂಡು ಅವರು ಜೀವನಪೂರ್ತಿ ನಂಬುತ್ತಾರೆ. ಇಂಜಿನಿಯರಿಂಗ್ ಓದಿದ ನಮಗೆ ಲೆಕ್ಕ ಗೊತ್ತಿದೆ, ಗ್ರಾಫ್ ಓದೋಕೆ ಬರುತ್ತದೆ. ಆ ಲೆಕ್ಕವನ್ನು ನಮ್ಮ ನೋಟ್‌ಬುಕ್ಕಿನಲ್ಲಿ ಮಡಚಿಡದೆ ಮೈದಾನಕ್ಕೆ ಒಯ್ಯೋಣ. ಊರಲ್ಲಿರೋ ತಮ್ಮನಿಗೆ, ತಂಗಿಗೆ ಈ ವಾರವೇ ಫೋನ್ ಮಾಡಿ ಹೇಳಿ: ‘ಈಗಿಂದ್ಲೇ ಶುರು ಮಾಡು, ಆದ್ರ ಸಾವಕಾಶ.’